ಗೋದಾಮಿನ ಗೆದ್ದಲು: ವಿಜ್ಞಾನ ಕಲಿಸುವ ಪಾಠಗಳು

2011ರಲ್ಲಿ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಬ್ಯಾಂಕ್ ಶಾಖೆಯೊಂದರಲ್ಲಿ ಸಂಗ್ರಹಿಸಿಟ್ಟಿದ್ದ ಸುಮಾರು 1 ಕೋಟಿ ರೂಪಾಯಿ ಮೌಲ್ಯದ ನೋಟುಗಳನ್ನು ಗೆದ್ದಲು ತಿಂದುಹಾಕಿದ ಸಂಗತಿ ದೇಶದಾದ್ಯಂತ ಸುದ್ದಿಯಾಯಿತು. ಹಲವರಿಗೆ ಇದು ನಗೆಯ ವಿಷಯವಾಗಿ ಕಂಡರೂ, ಸರಕು ದಾಸ್ತಾನು ಮಾಡುವ ವರ್ತಕರಿಗೂ ಸಣ್ಣ ಉತ್ಪಾದಕರಿಗೂ ಇದರಲ್ಲಿ ಗಂಭೀರವಾದ ಎಚ್ಚರಿಕೆಯಿದೆ. ಹತ್ತಿಯ ನಾರಿನಿಂದ ತಯಾರಾದ ನೋಟು, ರಟ್ಟಿನ ಪೆಟ್ಟಿಗೆ, ಗೋಣಿಚೀಲ, ಬಟ್ಟೆಯ ಗಂಟು, ಮರದ ಬಾಗಿಲು, ಹಳೆಯ ಲೆಕ್ಕದ ಪುಸ್ತಕ ಇವೆಲ್ಲವುಗಳಲ್ಲಿರುವ ಮೂಲವಸ್ತು ಸೆಲ್ಯುಲೋಸ್. ಗೆದ್ದಲಿನ ಪಾಲಿಗೆ ಇವೆಲ್ಲವೂ ಒಂದೇ ಆಹಾರ.

ಈ ನಷ್ಟಕ್ಕೆ ಎರಡು ಮುಖಗಳಿವೆ. ಮೊದಲನೆಯದು ಸರಕಿನ ನಷ್ಟ. ಸಾಮಾನ್ಯ ಬೆಂಕಿ ವಿಮಾ ಪಾಲಿಸಿಗಳು ಅವುಗಳಲ್ಲಿ ಹೆಸರಿಸಲಾದ ಅಪಾಯಗಳಿಗೆ ಮಾತ್ರ ರಕ್ಷಣೆ ನೀಡುತ್ತವೆ. ಬೆಂಕಿ, ಸಿಡಿಲು, ಪ್ರವಾಹ, ದೊಂಬಿ ಮೊದಲಾದವು ಆ ಪಟ್ಟಿಯಲ್ಲಿವೆ, ಗೆದ್ದಲು ಇಲ್ಲ. ಎರಡನೆಯದು ದಾಖಲೆಗಳ ನಷ್ಟ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೆಯ ಪ್ರಕರಣದಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆ ಸಲ್ಲಿಸುವ ಅಂತಿಮ ದಿನಾಂಕದಿಂದ 72 ತಿಂಗಳ ಕಾಲ ಕಾಯ್ದಿರಿಸಬೇಕು. 2013ರ ಕಂಪನಿಗಳ ಕಾಯ್ದೆಯಂತೆ ಕಂಪನಿಗಳು ಎಂಟು ಹಣಕಾಸು ವರ್ಷಗಳ ಪುಸ್ತಕಗಳನ್ನು ಇಟ್ಟುಕೊಂಡಿರಬೇಕು. ಕೋಣೆಯ ಮೂಲೆಯಲ್ಲಿ ಕಟ್ಟಿಟ್ಟ ಕಡತಗಳು ಮಣ್ಣಾದಾಗ ತೆರಿಗೆ ಅಧಿಕಾರಿಯ ಮುಂದೆ ಹಾಜರುಪಡಿಸಲು ವರ್ತಕನ ಬಳಿ ಏನೂ ಉಳಿಯುವುದಿಲ್ಲ.

ಹಿಂದೆ ಈ ಸಮಸ್ಯೆಗೆ ವಿಷವೊಂದೇ ಉತ್ತರವೆಂಬ ನಂಬಿಕೆಯಿತ್ತು. ಇಂದು ಆ ನಂಬಿಕೆ ಸಾಲದು. ಗೆದ್ದಲಿನ ಜೀವನಕ್ರಮವನ್ನು ಕುರಿತು ನಡೆದಿರುವ ಸಂಶೋಧನೆಗಳನ್ನು ಅರಿತು, ಅದಕ್ಕೆ ತಕ್ಕಂತೆ ಕಟ್ಟಡ ಮತ್ತು ದಾಸ್ತಾನನ್ನು ವ್ಯವಸ್ಥೆಗೊಳಿಸುವುದೇ ಬಾಳಿಕೆ ಬರುವ ಮಾರ್ಗ. ಆ ತಿಳಿವಳಿಕೆಯ ಮುಖ್ಯಾಂಶಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಗೆದ್ದಲು ಎಂಬ ಜೀವಿ

ಕೆಲವು ಕಡೆ ಒರಲೆ ಎಂದೂ ಕರೆಯಲಾಗುವ ಗೆದ್ದಲನ್ನು ‘ಬಿಳಿ ಇರುವೆ’ ಎಂದು ಹೇಳುವ ವಾಡಿಕೆಯಿದ್ದರೂ ಅದು ಇರುವೆಯ ಜಾತಿಗೆ ಸೇರಿದುದಲ್ಲ. ಬಹುಕಾಲ ಅದನ್ನು ಪ್ರತ್ಯೇಕ ಗಣವೆಂದು ಪರಿಗಣಿಸಲಾಗಿತ್ತು. 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಗೆದ್ದಲು ಜಿರಳೆಗಳ ಗುಂಪಿನ ಒಂದು ಕವಲೆಂಬುದನ್ನು ದೃಢಪಡಿಸಿತು. ಜಗತ್ತಿನಲ್ಲಿ ಸುಮಾರು 3,000 ಪ್ರಭೇದಗಳು ಗುರುತಿಸಲ್ಪಟ್ಟಿವೆ. ಭಾರತದ ಪ್ರಭೇದಗಳ ಅಧ್ಯಯನಕ್ಕೆ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಎಂ. ಎಲ್. ರೂನ್‌ವಾಲ್ ಮತ್ತು ಓ. ಬಿ. ಛೋಟಾನಿ ಅವರು ಭದ್ರವಾದ ಬುನಾದಿ ಹಾಕಿದರು. ಇಷ್ಟೊಂದು ಪ್ರಭೇದಗಳಲ್ಲಿ ಕಟ್ಟಡಗಳಿಗೆ ತೀವ್ರ ಹಾನಿ ಮಾಡುವವು ನೂರಕ್ಕಿಂತ ಕಡಿಮೆ. ಆದರೂ 2010ರ ಒಂದು ಅಂದಾಜಿನಂತೆ ಗೆದ್ದಲಿನಿಂದ ಜಗತ್ತಿಗೆ ತಗಲುವ ವಾರ್ಷಿಕ ವೆಚ್ಚ ಸುಮಾರು 4,000 ಕೋಟಿ ಡಾಲರ್‌ಗಳು. ಇದರಲ್ಲಿ ಶೇಕಡಾ 80ರಷ್ಟು ನೆಲದೊಳಗೆ ವಾಸಿಸುವ ಪ್ರಭೇದಗಳ ಪಾಲು.

ಗೆದ್ದಲು ಒಂಟಿಯಾಗಿ ಬದುಕುವ ಕೀಟವಲ್ಲ. ಒಂದು ಗೂಡಿನಲ್ಲಿ ರಾಜ, ರಾಣಿ, ಕೆಲಸಗಾರರು ಹಾಗೂ ಸೈನಿಕರು ಇರುತ್ತಾರೆ. ಸರಕನ್ನು ತಿನ್ನುವವರು ಕೆಲಸಗಾರರು ಮಾತ್ರ. ಸೈನಿಕರು ಸ್ವತಃ ತಿನ್ನಲಾರರು; ಅವರಿಗೂ ರಾಣಿಗೂ ಮರಿಗಳಿಗೂ ಕೆಲಸಗಾರರೇ ಬಾಯಿಂದ ಬಾಯಿಗೆ ಉಣಿಸುತ್ತಾರೆ. ರಾಣಿ ನೆಲದ ಆಳದಲ್ಲಿ ಸುರಕ್ಷಿತವಾಗಿದ್ದು ಮೊಟ್ಟೆಯಿಡುತ್ತಲೇ ಇರುತ್ತಾಳೆ. ಗೋಡೆಯ ಮೇಲೆ ಕಾಣಿಸಿದ ನೂರು ಕೆಲಸಗಾರರನ್ನು ಸೀಮೆಎಣ್ಣೆ ಸುರಿದು ಕೊಂದಾಗ ಗೂಡಿಗೆ ಆಗುವ ನಷ್ಟ ಅತ್ಯಲ್ಪವೆಂಬುದು ಇದರಿಂದ ಸ್ಪಷ್ಟ. ಅವು ಕೆಲವೇ ದಿನಗಳಲ್ಲಿ ಮತ್ತೊಂದು ಬಿರುಕಿನಿಂದ ಮೇಲೇರುತ್ತವೆ.

ಮರವನ್ನು ಅರಗಿಸುವ ಶಕ್ತಿ ಗೆದ್ದಲಿಗೆ ಹೇಗೆ ಬಂದಿತೆಂಬ ಪ್ರಶ್ನೆಗೆ 1920ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಕ್ಲೀವ್‌ಲ್ಯಾಂಡ್ ಉತ್ತರ ಕಂಡುಕೊಂಡರು. ಗೆದ್ದಲಿನ ಕರುಳಿನಲ್ಲಿರುವ ಏಕಕೋಶ ಜೀವಿಗಳನ್ನು ನಾಶಪಡಿಸಿದಾಗ ಅದು ಮರವನ್ನು ತಿನ್ನುತ್ತಲೇ ಇದ್ದರೂ ಹಸಿವಿನಿಂದ ಸತ್ತುಹೋಯಿತು. ಅಂದರೆ ಹಲವು ಪ್ರಭೇದಗಳಲ್ಲಿ ಅರಗಿಸುವ ಕೆಲಸ ಈ ಸೂಕ್ಷ್ಮಜೀವಿಗಳದು. ನಮ್ಮ ಬಯಲುಸೀಮೆಯಲ್ಲಿ ಹುತ್ತ ಕಟ್ಟುವ ಓಡೊಂಟೊಟರ್ಮಿಸ್ ಜಾತಿಯ ಗೆದ್ದಲುಗಳ ಕ್ರಮ ಬೇರೆ. ಅವು ತಾವು ತಿಂದ ಸಸ್ಯವಸ್ತುವಿನಿಂದ ನೆಲದೊಳಗೆ ಸ್ಪಂಜಿನಂಥ ತೋಟಗಳನ್ನು ರಚಿಸಿ, ಅವುಗಳ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತವೆ. ಮಳೆಗಾಲದಲ್ಲಿ ಹುತ್ತದ ಸುತ್ತ ಏಳುವ, ಹಳ್ಳಿಗರು ಆಸೆಯಿಂದ ಹುಡುಕಿ ತರುವ ಅಣಬೆಗಳು ಇದೇ ಶಿಲೀಂಧ್ರದ ಫಲ. ತಮಿಳುನಾಡಿನಲ್ಲಿ ನೆಲೆಸಿದ್ದ ನಿಸರ್ಗ ವಿಜ್ಞಾನಿ ಕೋನಿಗ್ 1779ರಷ್ಟು ಹಿಂದೆಯೇ ಈ ತೋಟಗಳನ್ನು ವರ್ಣಿಸಿದ್ದನು.

ಹುತ್ತ ತಿಳಿಸುವ ಸತ್ಯ: ನೀರೇ ಮುಖ್ಯ

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತೆಂಬ ಗಾದೆ ಕನ್ನಡಿಗರಿಗೆ ಚಿರಪರಿಚಿತ. ಆ ಹುತ್ತದ ರಚನೆಯನ್ನು ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ರೆನೀ ಬೋರ್ಜಸ್ ಮತ್ತು ಸಿವಿಲ್ ಎಂಜಿನಿಯರಿಂಗ್ ವಿಭಾಗದ ಸಂಶೋಧಕರು ಜೊತೆಗೂಡಿ ಅಧ್ಯಯನ ನಡೆಸಿದ್ದಾರೆ. ಓಡೊಂಟೊಟರ್ಮಿಸ್ ಒಬೆಸಸ್ ಎಂಬ ಪ್ರಭೇದ ಮಣ್ಣಿಗೆ ನೀರನ್ನೂ ತನ್ನ ಸ್ರಾವವನ್ನೂ ಬೆರೆಸಿ ಪುಟ್ಟ ಉಂಡೆಗಳನ್ನು ಮಾಡಿ, ಇಟ್ಟಿಗೆಯಂತೆ ಜೋಡಿಸುತ್ತದೆ. ಹೀಗೆ ಬಂಧಗೊಂಡ ಮಣ್ಣು ಸುತ್ತಲಿನ ಮಣ್ಣಿಗಿಂತ ಹಲವು ಪಟ್ಟು ಗಟ್ಟಿಯಾಗಿರುತ್ತದೆ. ಮಣ್ಣಿನಲ್ಲಿ ತಕ್ಕಷ್ಟು ತೇವವಿಲ್ಲದೆ ಈ ನಿರ್ಮಾಣ ಸಾಗುವುದಿಲ್ಲ.

ಇದೇ ಪ್ರಭೇದದ ಹುತ್ತಗಳನ್ನು ದಕ್ಷಿಣ ಭಾರತದಲ್ಲಿ ಪರೀಕ್ಷಿಸಿದ ಮತ್ತೊಂದು ತಂಡ 2015ರಲ್ಲಿ ಹುತ್ತದ ಉಸಿರಾಟದ ರಹಸ್ಯವನ್ನು ಪ್ರಕಟಿಸಿತು. ಹಗಲಿನಲ್ಲಿ ಹುತ್ತದ ಹೊರಪದರ ಬಿಸಿಯಾಗಿ ಅಲ್ಲಿನ ಗಾಳಿ ಮೇಲೇರುತ್ತದೆ, ನಡುವಿನ ಗಾಳಿ ಕೆಳಗಿಳಿಯುತ್ತದೆ. ರಾತ್ರಿ ಈ ಹರಿವು ತಿರುಗುಮುರುಗಾಗುತ್ತದೆ. ಹಗಲಿರುಳಿನ ಉಷ್ಣತೆಯ ವ್ಯತ್ಯಾಸವೊಂದರಿಂದಲೇ ಒಳಗಿನ ಕೆಟ್ಟ ಗಾಳಿ ಹೊರಹೋಗುತ್ತದೆ.

ಈ ಸಂಶೋಧನೆಗಳಿಂದ ವರ್ತಕರು ಗ್ರಹಿಸಬೇಕಾದ ತತ್ತ್ವ ಸರಳವಾಗಿದೆ. ಗೆದ್ದಲಿನ ಚರ್ಮ ಬಹು ತೆಳುವಾದುದು. ಒಣಗಾಳಿಗೆ ಮೈಯೊಡ್ಡಿದರೆ ಅದು ಬೇಗನೆ ಒಣಗಿ ಸಾಯುತ್ತದೆ. ಆದುದರಿಂದಲೇ ಅದು ಬಯಲಿನಲ್ಲಿ ನಡೆಯದೆ ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೆ ಸಂಚರಿಸುತ್ತದೆ. ಆ ಕೊಳವೆ ಗೂಡನ್ನೂ ಸರಕನ್ನೂ ಜೋಡಿಸುವ ಹೆದ್ದಾರಿ. ಸೋರುವ ನಲ್ಲಿ, ತೇವ ಏರಿದ ಗೋಡೆ, ನೆಲಕ್ಕೆ ತಾಗಿದ ಚೀಲ, ಕತ್ತಲ ಮೂಲೆ ಇವು ಇದ್ದೆಡೆ ಹೆದ್ದಾರಿ ಸುಲಭವಾಗುತ್ತದೆ. ಇವುಗಳನ್ನು ತಪ್ಪಿಸಿದರೆ ಗೆದ್ದಲಿನ ಬಲ ಅರ್ಧದಷ್ಟು ಕುಗ್ಗಿದಂತೆ.

ಎಲ್ಲ ಹುತ್ತಗಳೂ ಶತ್ರುಗಳಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಒಣಗಿದ ಎಲೆ, ಕಡ್ಡಿ, ಸಗಣಿಯನ್ನು ಮಣ್ಣಿಗೆ ಮರಳಿಸುವ ಕಾರ್ಯದಲ್ಲಿ ಗೆದ್ದಲಿನ ಪಾತ್ರ ಹಿರಿದು. ಬೋರ್ನಿಯೊ ಕಾಡಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬರಗಾಲದ ಅವಧಿಯಲ್ಲಿ ಗೆದ್ದಲು ಚಟುವಟಿಕೆಯಿದ್ದ ತಾಕುಗಳಲ್ಲಿ ಮಣ್ಣಿನ ತೇವ ಹೆಚ್ಚಾಗಿದ್ದು ಸಸಿಗಳು ಹೆಚ್ಚು ಸಂಖ್ಯೆಯಲ್ಲಿ ಉಳಿದವು. ದೂರದ ಹೊಲದಲ್ಲಿರುವ ಹುತ್ತವನ್ನು ಒಡೆಯುವುದರಿಂದ ಗೋದಾಮಿಗೆ ಯಾವ ಲಾಭವೂ ಇಲ್ಲ.

ಎರಡು ಬಗೆ, ಎರಡು ಗುರುತು

ಹಾನಿಕಾರಕ ಗೆದ್ದಲುಗಳನ್ನು ವ್ಯವಹಾರದ ದೃಷ್ಟಿಯಿಂದ ಎರಡಾಗಿ ವಿಂಗಡಿಸಬಹುದು. ಮೊದಲನೆಯದು ನೆಲಗೆದ್ದಲು. ಓಡೊಂಟೊಟರ್ಮಿಸ್, ಹೆಟೆರೊಟರ್ಮಿಸ್, ಕಾಪ್ಟೊಟರ್ಮಿಸ್ ಜಾತಿಗಳು ಈ ಗುಂಪಿನವು. ಇವುಗಳ ಗೂಡು ಸಾಮಾನ್ಯವಾಗಿ ಮಣ್ಣಿನಲ್ಲಿದ್ದು, ಆಹಾರಕ್ಕಾಗಿ ಹತ್ತಾರು ಮೀಟರ್ ದೂರ ಸಾಗಬಲ್ಲವು. ಮಣ್ಣಿನ ಕೊಳವೆಯೇ ಇವುಗಳ ಗುರುತು.

ಎರಡನೆಯದು ಒಣಮರದ ಗೆದ್ದಲು. ಕ್ರಿಪ್ಟೊಟರ್ಮಿಸ್ ಜಾತಿಯ ಇವು ಹೆಚ್ಚಾಗಿ ಕರಾವಳಿಯ ಆರ್ದ್ರ ಹವೆಯಲ್ಲಿ ಕಂಡುಬರುತ್ತವೆ. ಇವಕ್ಕೆ ಮಣ್ಣಿನ ಸಂಪರ್ಕ ಬೇಡ. ಕುರ್ಚಿಯ ಕಾಲೊಂದರಲ್ಲೇ ಇಡೀ ಸಂಸಾರ ಇರಬಲ್ಲದು. ಮರದ ಸಣ್ಣ ರಂಧ್ರದಿಂದ ಉದುರುವ, ರವೆಯಂಥ, ಆರು ಮುಖಗಳುಳ್ಳ ಹಿಕ್ಕೆಗಳೇ ಇವುಗಳ ಗುರುತು. ನೆಲಕ್ಕೆ ಔಷಧ ಸುರಿಯುವುದರಿಂದ ಈ ಬಗೆಯ ಗೆದ್ದಲಿಗೆ ಏನೂ ಆಗುವುದಿಲ್ಲ. ಯಾವ ಬಗೆಯೆಂದು ತಿಳಿಯದೆ ಚಿಕಿತ್ಸೆಗೆ ಹಣ ಹಾಕುವುದು ವ್ಯರ್ಥ.

ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಹುಳುಗಳು ಹೊಸ ಗೂಡು ಹೂಡಲು ಹೊರಟ ಭಾವೀ ರಾಜರಾಣಿಯರು. ಅವು ಕಿಟಕಿಯಿಂದ ಒಳಬಂದರೆ ವಿಶೇಷ ಆತಂಕವಿಲ್ಲ. ಆದರೆ ಮುಚ್ಚಿದ ಕೋಣೆಯೊಳಗೆ, ನೆಲದ ಬಿರುಕಿನ ಬಳಿ ಉದುರಿದ ರೆಕ್ಕೆಗಳ ರಾಶಿ ಕಂಡರೆ ಬಲಿತ ಗೂಡೊಂದು ಕಟ್ಟಡದ ಅಡಿಯಲ್ಲೇ ಇದೆಯೆಂದು ಸಂಶಯಿಸಬೇಕು.

ವ್ಯಾಪಾರದೊಡನೆ ಗೆದ್ದಲಿನ ಪಯಣ

ಗೆದ್ದಲು ಸಮುದ್ರ ದಾಟಿದ್ದು ಬಹುಮಟ್ಟಿಗೆ ಮನುಷ್ಯನ ಸರಕಿನೊಡನೆ. ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದಲ್ಲಿ ಸುಮಾರು 1840ರ ವೇಳೆಗೆ, ಸೆರೆಹಿಡಿದ ಗುಲಾಮರ ಹಡಗಿನ ಮರವನ್ನು ಒಡೆದು ಜೇಮ್ಸ್‌ಟೌನ್ ಪಟ್ಟಣದಲ್ಲಿ ದಾಸ್ತಾನು ಮಾಡಲಾಯಿತು. ಆ ಮರದೊಡನೆ ಬಂದ ಗೆದ್ದಲು ಮುಂದಿನ ಎರಡು ಮೂರು ದಶಕಗಳಲ್ಲಿ ಪಟ್ಟಣದ ಬಹಳಷ್ಟು ಕಟ್ಟಡಗಳನ್ನು ಹಾಳುಗೆಡವಿತು. ಎರಡನೆಯ ಮಹಾಯುದ್ಧದ ನಂತರ ಪೂರ್ವ ಏಷ್ಯಾದಿಂದ ಮರಳಿದ ಸೇನಾ ಸಾಮಗ್ರಿಗಳ ಮರದ ಪೆಟ್ಟಿಗೆಗಳೊಡನೆ ಫಾರ್ಮೋಸಾ ಗೆದ್ದಲು ಅಮೆರಿಕದ ದಕ್ಷಿಣದ ಬಂದರುಗಳನ್ನು ಸೇರಿತೆಂದು ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ. ನ್ಯೂ ಆರ್ಲಿಯನ್ಸ್ ನಗರ ಇಂದಿಗೂ ಅದರ ಕಾಟದಿಂದ ಮುಕ್ತವಾಗಿಲ್ಲ.

ಮರದ ಕಟ್ಟುಗಳ ಮೂಲಕ ಕೀಟಗಳು ಹರಡುವುದನ್ನು ತಡೆಯಲು 2002ರಲ್ಲಿ ಐ.ಎಸ್.ಪಿ.ಎಂ. 15 ಎಂಬ ಅಂತರರಾಷ್ಟ್ರೀಯ ಮಾನದಂಡ ಅಂಗೀಕಾರವಾಯಿತು. ರಫ್ತಿಗೆ ಬಳಸುವ ಮರದ ಪ್ಯಾಲೆಟ್ ಮತ್ತು ಪೆಟ್ಟಿಗೆಗಳನ್ನು ಸಾಂಪ್ರದಾಯಿಕ ಉಷ್ಣೋಪಚಾರದಲ್ಲಿ ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸತತ 30 ನಿಮಿಷ ಕಾಯಿಸಿ, ಮಾನ್ಯತೆ ಪಡೆದ ಮುದ್ರೆ ಒತ್ತಬೇಕು. ರಫ್ತುದಾರರು ಇದನ್ನು ಬಲ್ಲರು. ಆದರೆ ಒಂದು ಅಂಶವನ್ನು ಹಲವರು ಗಮನಿಸುವುದಿಲ್ಲ. ಉಷ್ಣೋಪಚಾರ ಆ ಹೊತ್ತಿಗೆ ಮರದಲ್ಲಿರುವ ಕೀಟವನ್ನು ಕೊಲ್ಲುತ್ತದೆಯೇ ಹೊರತು ಮುಂದಿನ ದಾಳಿಯಿಂದ ಮರವನ್ನು ಕಾಯುವುದಿಲ್ಲ. ಮುದ್ರೆಯೊತ್ತಿದ ಪ್ಯಾಲೆಟ್ಟನ್ನು ಹಸಿನೆಲದ ಮೇಲೆ ಮಳೆಗಾಲವಿಡೀ ಬಿಟ್ಟರೆ ಮುದ್ರೆ ಉಳಿಯುತ್ತದೆ, ಮರ ಉಳಿಯುವುದಿಲ್ಲ.

ವಿಷದ ಬಲ ಕುಗ್ಗಿದ ಬಗೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಮೊದಲಾದ ಕ್ಲೋರಿನ್‌ಯುಕ್ತ ವಿಷಗಳು ಗೆದ್ದಲು ನಿಯಂತ್ರಣದ ಮುಖ್ಯ ಸಾಧನಗಳಾಗಿದ್ದವು. ಒಮ್ಮೆ ತಳಪಾಯಕ್ಕೆ ಸುರಿದರೆ ಅವು ದಶಕಗಳ ಕಾಲ ಮಣ್ಣಿನಲ್ಲಿ ಉಳಿಯುತ್ತಿದ್ದವು. ಆ ಗುಣವೇ ಅವುಗಳಿಗೆ ಮುಳುವಾಯಿತು. ಅವು ನೀರು, ಆಹಾರ ಮತ್ತು ತಾಯಿಯ ಹಾಲಿನವರೆಗೂ ಸೇರುವುದು ಸಾಬೀತಾದ ಮೇಲೆ 2001ರ ಸ್ಟಾಕ್‌ಹೋಮ್ ಒಪ್ಪಂದ ಅವುಗಳನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿತು. ಒಪ್ಪಂದ 2004ರಲ್ಲಿ ಜಾರಿಗೆ ಬಂದಿತು. ಭಾರತ 2006ರಲ್ಲಿ ಅದನ್ನು ಅನುಮೋದಿಸಿತು.

ಅವುಗಳ ಸ್ಥಾನಕ್ಕೆ ಬಂದ ಕ್ಲೋರ್‌ಪೈರಿಫಾಸ್ ಕೂಡ ಈಗ ಪ್ರಶ್ನೆಗೊಳಗಾಗಿದೆ. ಅಮೆರಿಕದಲ್ಲಿ 2000ದಲ್ಲಿಯೇ ಅದರ ಬಹುತೇಕ ಗೃಹಬಳಕೆಯನ್ನು ಕೈಬಿಡುವ ಒಡಂಬಡಿಕೆಯಾಯಿತು. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ರಾಷ್ಟ್ರಗಳು ಕೆಲವು ನಿರ್ದಿಷ್ಟ ವಿನಾಯಿತಿಗಳೊಡನೆ ಅದನ್ನೂ ನಿರ್ಮೂಲನೆಯ ಪಟ್ಟಿಗೆ ಸೇರಿಸಲು ತೀರ್ಮಾನಿಸಿದವು. ಇಂದಿನ ಔಷಧಗಳು ಹಿಂದಿನವುಗಳಷ್ಟು ಕಾಲ ಮಣ್ಣಿನಲ್ಲಿ ಉಳಿಯುವುದಿಲ್ಲ. ಹಿಂದೆ ಕಟ್ಟಡದ ದೋಷವನ್ನು ವಿಷ ಮುಚ್ಚಿಹಾಕುತ್ತಿತ್ತು. ಇಂದು ಆ ಅನುಕೂಲವಿಲ್ಲ.

ಇಂದಿನ ವಿಧಾನಗಳು

ಮಣ್ಣಿನ ಉಪಚಾರ: ಭಾರತೀಯ ಮಾನಕ ಐ.ಎಸ್. 6313 ಮೂರು ಭಾಗಗಳಲ್ಲಿದೆ. ಮೊದಲ ಭಾಗ ನಿರ್ಮಾಣ ಕ್ರಮಗಳನ್ನೂ, ಎರಡನೆಯದು ಕಟ್ಟಡ ಕಟ್ಟುವ ಮುನ್ನ ಮಾಡುವ ರಾಸಾಯನಿಕ ಉಪಚಾರವನ್ನೂ, ಮೂರನೆಯದು ಈಗಾಗಲೇ ಇರುವ ಕಟ್ಟಡಗಳ ಉಪಚಾರವನ್ನೂ ವಿವರಿಸುತ್ತದೆ. ಹೊಸ ಕಟ್ಟಡದ ನೆಲಗಟ್ಟಿನ ಕೆಳಗೆ ಪ್ರತಿ ಚದರ ಮೀಟರ್‌ಗೆ 5 ಲೀಟರ್ ದ್ರಾವಣ ಹಾಕಬೇಕು. ಹಳೆಯ ಕಟ್ಟಡದಲ್ಲಿ ಗೋಡೆ ಮತ್ತು ನೆಲ ಕೂಡುವೆಡೆ 300 ಮಿ.ಮೀ. ಅಂತರದಲ್ಲಿ 12 ಮಿ.ಮೀ. ವ್ಯಾಸದ ರಂಧ್ರ ಕೊರೆದು, ಪ್ರತಿ ರಂಧ್ರಕ್ಕೆ ಗರಿಷ್ಠ 1 ಲೀಟರ್‌ವರೆಗೆ ದ್ರಾವಣ ತುಂಬಿ ಮುಚ್ಚಬೇಕು.

ವಿಕರ್ಷಕವಲ್ಲದ ಔಷಧಗಳು: ಕೆಲವು ಹಳೆಯ ಔಷಧಗಳ ವಾಸನೆ ಗ್ರಹಿಸಿ ಗೆದ್ದಲು ಹಿಂದೆ ಸರಿದು, ಔಷಧ ತಲುಪದ ಬಿರುಕನ್ನು ಹುಡುಕಿಕೊಳ್ಳುತ್ತಿತ್ತು. ಇಮಿಡಾಕ್ಲೋಪ್ರಿಡ್, ಫಿಪ್ರೊನಿಲ್ ಮುಂತಾದವುಗಳ ಇರವು ಗೆದ್ದಲಿಗೆ ತಿಳಿಯುವುದಿಲ್ಲ. ಅವು ನಿಧಾನವಾಗಿ ಕೊಲ್ಲುವುದರಿಂದ, ಸೋಂಕಿದ ಹುಳು ಪರಸ್ಪರ ಮೈ ನೆಕ್ಕುವಾಗ ಒಡನಾಡಿಗಳಿಗೂ ವಿಷವನ್ನು ದಾಟಿಸುತ್ತದೆ.

ಎರೆ ವಿಧಾನ: ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ನಾನ್-ಯಾವೋ ಸು ಅವರ ಸಂಶೋಧನೆಯ ಫಲವಾಗಿ 1995ರಲ್ಲಿ ಹೆಕ್ಸಾಫ್ಲುಮುರಾನ್ ಬೆರೆಸಿದ ಎರೆ ಮಾರುಕಟ್ಟೆಗೆ ಬಂದಿತು. ಇದನ್ನು ತಿಂದ ಹುಳು ಪೊರೆ ಕಳಚಲಾರದೆ ಸಾಯುತ್ತದೆ. ಬಾಯಿಂದ ಬಾಯಿಗೆ ಉಣಿಸುವ ಅಭ್ಯಾಸವೇ ಇಲ್ಲಿ ಗೂಡಿನ ನಾಶಕ್ಕೆ ದಾರಿಯಾಗುತ್ತದೆ. ಆದರೆ ಶಿಲೀಂಧ್ರ ಬೆಳೆಸುವ ನಮ್ಮ ಪ್ರಭೇದಗಳ ಮೇಲೆ ಎರೆಯ ಪರಿಣಾಮ ನಿಧಾನ. ಪರದೇಶದ ಯಶಸ್ಸನ್ನೇ ಇಲ್ಲಿಯೂ ನಿರೀಕ್ಷಿಸಲಾಗದು.

ಭೌತಿಕ ತಡೆ: ಗೆದ್ದಲು ಬಾಯಲ್ಲಿ ಹೊರಲಾಗದಷ್ಟು ದಪ್ಪ, ಆದರೆ ನಡುವಿನ ಸಂದಿನಲ್ಲಿ ತಲೆ ತೂರಿಸಲಾಗದಷ್ಟು ಸಣ್ಣ ಕಲ್ಲಿನ ಹರಳುಗಳ ಪದರ ಅದನ್ನು ತಡೆಯುತ್ತದೆ. ಹವಾಯಿಯಲ್ಲಿ ಫಾರ್ಮೋಸಾ ಗೆದ್ದಲಿಗಾಗಿ 1.7ರಿಂದ 2.4 ಮಿ.ಮೀ. ಗಾತ್ರದ ಕರಿಕಲ್ಲಿನ ಹರಳುಗಳನ್ನು ನಿಗದಿಪಡಿಸಲಾಯಿತು. ಆಸ್ಟ್ರೇಲಿಯದಲ್ಲಿ ತುಕ್ಕು ಹಿಡಿಯದ ಉಕ್ಕಿನ ಸೂಕ್ಷ್ಮ ಜಾಲರಿಯೂ ಬಳಕೆಯಲ್ಲಿದೆ. ಪ್ರಭೇದದ ಗಾತ್ರಕ್ಕೆ ತಕ್ಕಂತೆ ಹರಳಿನ ಗಾತ್ರವೂ ಬದಲಾಗಬೇಕಾಗುತ್ತದೆ.

ಮರದ ಆಯ್ಕೆ: ತೇಗದ ಚೇಗಿನಲ್ಲಿರುವ ನೈಸರ್ಗಿಕ ರಾಸಾಯನಿಕಗಳು ಗೆದ್ದಲನ್ನು ದೂರವಿಡುತ್ತವೆ. ಆದರೆ ಅದೇ ತೇಗದ ಹೊರಭಾಗದ ತಿಳಿಬಣ್ಣದ ಮರಕ್ಕೆ ಆ ಗುಣವಿಲ್ಲ. ರಬ್ಬರ್ ಮರದಂಥ ಮೆದು ಮರಗಳಿಗೆ ಬಿಳಿಗಾರ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಒತ್ತಡದಲ್ಲಿ ಉಣಿಸುವ ಪದ್ಧತಿಯಿದೆ. ಬೋರಾನ್ ಲವಣಗಳು ನೀರಿನಲ್ಲಿ ಕರಗಿಹೋಗುವುದರಿಂದ ಇಂಥ ಮರವನ್ನು ನೆರಳಿನಲ್ಲಿ, ನೆಲಕ್ಕೆ ತಾಗದಂತೆ ಬಳಸಬೇಕು. ಮರದ ಸಂರಕ್ಷಣೆಗೆ ಐ.ಎಸ್. 401 ಮಾನಕವಿದ್ದು, ಈ ಕ್ಷೇತ್ರದಲ್ಲಿ ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಸಂಶೋಧನೆ ನಡೆಸುತ್ತಿದೆ.

ಗುತ್ತಿಗೆ ನೀಡುವ ಮುನ್ನ ಒಂದು ಲೆಕ್ಕ

ಗೆದ್ದಲು ಉಪಚಾರದಲ್ಲಿ ಅತಿ ಸಾಮಾನ್ಯವಾದ ಮೋಸ ಔಷಧವನ್ನು ತೆಳುವಾಗಿಸುವುದು. ಇದನ್ನು ಪತ್ತೆ ಹಚ್ಚಲು ಸರಳ ಲೆಕ್ಕ ಸಾಕು. 100 ಚದರ ಮೀಟರ್ ನೆಲಗಟ್ಟಿಗೆ ಚದರ ಮೀಟರ್‌ಗೆ 5 ಲೀಟರ್‌ನಂತೆ 500 ಲೀಟರ್ ದ್ರಾವಣ ಬೇಕು. ಶೇಕಡಾ 20ರ ಕ್ಲೋರ್‌ಪೈರಿಫಾಸ್ ಆದಲ್ಲಿ 1 ಲೀಟರ್‌ಗೆ 19 ಲೀಟರ್ ನೀರು ಬೆರೆಸಿದಾಗ ಶೇಕಡಾ 1ರ ದ್ರಾವಣವಾಗುತ್ತದೆ. ಅಂದರೆ 500 ಲೀಟರ್‌ಗೆ 25 ಲೀಟರ್ ಮೂಲ ಔಷಧ ಬೇಕು. ಶೇಕಡಾ 30.5ರ ಇಮಿಡಾಕ್ಲೋಪ್ರಿಡ್ ಆದಲ್ಲಿ ಲೀಟರ್‌ಗೆ ಸುಮಾರು 2.1 ಮಿ.ಲೀ.ನಂತೆ 1 ಲೀಟರ್‌ಗಿಂತ ತುಸು ಹೆಚ್ಚು ಬೇಕು. ಇದು ನೆಲಗಟ್ಟಿನ ಲೆಕ್ಕ ಮಾತ್ರ. ತಳಪಾಯದ ಲೆಕ್ಕ ಪ್ರತ್ಯೇಕ. ಇಷ್ಟು ಪ್ರಮಾಣದ ಮುದ್ರೆಯೊಡೆಯದ ಡಬ್ಬಿಗಳು ಸ್ಥಳಕ್ಕೆ ಬರದೆ, ಕೇವಲ ಹಿಂಗೈ ಪಂಪಿನಿಂದ ಅರ್ಧ ಗಂಟೆಯಲ್ಲಿ ಕೆಲಸ ಮುಗಿದರೆ ಹತ್ತು ವರ್ಷಗಳ ಖಾತರಿ ಪತ್ರಕ್ಕೆ ಬೆಲೆಯಿಲ್ಲ.

ಗುತ್ತಿಗೆದಾರನ ಬಳಿ 1968ರ ಕೀಟನಾಶಕಗಳ ಕಾಯ್ದೆಯಡಿ ಪಡೆದ ಪರವಾನಗಿ ಇದೆಯೇ, ಬಳಸುವ ಔಷಧ ಇಂದಿನ ದಿನಕ್ಕೆ ಗೆದ್ದಲು ನಿಯಂತ್ರಣಕ್ಕಾಗಿ ನೋಂದಣಿಯಾಗಿದೆಯೇ ಎಂಬುದನ್ನು ಪರಿಶೀಲಿಸಬೇಕು. ಬಾವಿಯ ಸಮೀಪ ಉಪಚಾರ ಮಾಡುವಾಗ ವಿಶೇಷ ಎಚ್ಚರಿಕೆ ಅಗತ್ಯ. ಆಹಾರಧಾನ್ಯಗಳಿದ್ದಲ್ಲಿ ಅವುಗಳನ್ನು ಮೊದಲು ಸ್ಥಳಾಂತರಿಸಬೇಕು.

ವರ್ತಕರು ಪಾಲಿಸಬೇಕಾದ ಕ್ರಮಗಳು

1. ಸರಕನ್ನು ನೆಲದ ಮೇಲೆ ನೇರವಾಗಿ ಇಡದೆ ಲೋಹದ ಅಥವಾ ಪ್ಲಾಸ್ಟಿಕ್ಕಿನ ಚೌಕಟ್ಟಿನ ಮೇಲೆ ಇರಿಸಬೇಕು. ಗೋಡೆ ಮತ್ತು ದಾಸ್ತಾನಿನ ನಡುವೆ ಒಬ್ಬ ವ್ಯಕ್ತಿ ದೀಪ ಹಿಡಿದು ನಡೆಯುವಷ್ಟು ಜಾಗ ಬಿಡಬೇಕು.

2. ಸೋರುವ ಕೊಳಾಯಿ, ಮಳೆನೀರು ನಿಲ್ಲುವ ಗೋಡೆಯಂಚು, ಬಿರುಕುಬಿಟ್ಟ ನೆಲ ಇವುಗಳನ್ನು ಮುಂಗಾರಿಗೆ ಮೊದಲೇ ದುರಸ್ತಿಪಡಿಸಬೇಕು.

3. ಮುರಿದ ಪೆಟ್ಟಿಗೆ, ಹಳೆಯ ಗೋಣಿ, ಮರದ ತುಂಡುಗಳನ್ನು ಗೋಡೆಗೆ ಒರಗಿಸಿಡಬಾರದು. ಕಟ್ಟಡದ ಪಕ್ಕದ ಮರದ ಬೊಡ್ಡೆಗಳನ್ನು ಬೇರುಸಹಿತ ತೆಗೆಸಬೇಕು.

4. ತಿಂಗಳಿಗೊಮ್ಮೆ ಗೋಡೆಯ ಬುಡ, ಬಾಗಿಲ ಚೌಕಟ್ಟು, ವಿದ್ಯುತ್ ತಂತಿ ಹಾಯುವ ರಂಧ್ರಗಳನ್ನು ಪರೀಕ್ಷಿಸಿ, ಫಲಿತಾಂಶವನ್ನು ದಿನಾಂಕದೊಡನೆ ಪುಸ್ತಕದಲ್ಲಿ ನಮೂದಿಸಬೇಕು.

5. ಮಣ್ಣಿನ ಕೊಳವೆ ಕಂಡ ಕೂಡಲೇ ಒರೆಸಿಹಾಕಬಾರದು. ಅದು ಎಲ್ಲಿಂದ ಏರಿದೆಯೆಂದು ಗುರುತಿಸಿ, ಸ್ವಲ್ಪ ಭಾಗವನ್ನು ಮಾತ್ರ ಒಡೆದು ನೋಡಬೇಕು. ಒಂದೆರಡು ದಿನಗಳಲ್ಲಿ ಅದು ಮತ್ತೆ ಮುಚ್ಚಿಕೊಂಡರೆ ಗೆದ್ದಲು ಸಂಚಾರದಲ್ಲಿದೆಯೆಂದು ಅರ್ಥ.

6. ಲೆಕ್ಕಪತ್ರಗಳನ್ನು ಗೋಡೆಗೆ ತಾಗದ ಉಕ್ಕಿನ ಕಪಾಟಿನಲ್ಲಿರಿಸಿ, ಅವುಗಳ ವಿದ್ಯುನ್ಮಾನ ಪ್ರತಿಯನ್ನು ಬೇರೊಂದು ಸ್ಥಳದಲ್ಲಿ ಇಟ್ಟುಕೊಳ್ಳಬೇಕು.

ಈ ಆರು ಕ್ರಮಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಿಲ್ಲ. ಬೇಕಾದುದು ಕ್ರಮಬದ್ಧವಾದ ಗಮನ. ಗೆದ್ದಲು ಸದ್ದಿಲ್ಲದೆ, ಬೆಳಕಿಗೆ ಬಾರದೆ, ಪ್ರತಿದಿನವೂ ದುಡಿಯುವ ಜೀವಿ. ವರ್ಷಕ್ಕೊಮ್ಮೆ ಔಷಧ ಸಿಂಪಡಿಸಿ ಮರೆತುಬಿಡುವ ವರ್ತಕನಿಗಿಂತ, ತಿಂಗಳಿಗೊಮ್ಮೆ ದೀಪ ಹಿಡಿದು ಗೋದಾಮಿನ ಮೂಲೆಮೂಲೆಯನ್ನು ನೋಡುವ ವರ್ತಕನ ಸರಕು ಹೆಚ್ಚು ಸುರಕ್ಷಿತವಾಗಿರುತ್ತದೆ.